ಪದ ಕಟ್ಟಿದವನ ಪಾಲೆಷ್ಟು?

(ಜನಪದ ಹಾಡು ಬರೆಯುವ ಕಸುಬನ್ನು ಕುರಿತ ಉಪನ್ಯಾಸದ ಬರಹ ರೂಪ)



ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ರಸ್ತೆಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ಸಾಗುತ್ತವೆ. ಒಂದು, ಟ್ರ್ಯಾಕ್ಟರಿನ ಹಿಂದಿನ ಜೋಡಿ ಟ್ರೇಲರುಗಳಲ್ಲಿ ಹೇರಿದ ಕಬ್ಬು. ಇನ್ನೊಂದು, ಅದೇ ಟ್ರ್ಯಾಕ್ಟರಿನ ಸ್ಪೀಕರಿನಿಂದ ಹೊರಡುವ ಜನಪದ ಹಾಡು. ಕಬ್ಬು ಯಾರ ಹೊಲದ್ದು, ಎಷ್ಟು ಟನ್ ತೂಗಿತು, ಹಣ ಯಾರ ಖಾತೆಗೆ ಹೋಗಬೇಕು ಎಂಬುದಕ್ಕೆ ಕಾರ್ಖಾನೆಯಲ್ಲಿ ಚೀಟಿ ಉಂಟು. ಹಾಡಿಗೆ ಅಂಥ ಚೀಟಿ ಇಲ್ಲ. ಹಾಡಿದವರು ಯಾರೆಂದು ಚಾಲಕ ಥಟ್ಟನೆ ಹೇಳಬಲ್ಲ. ಬರೆದವರು ಯಾರೆಂದು ಕೇಳಿದರೆ ಸಾಮಾನ್ಯವಾಗಿ ಉತ್ತರ ಬಾರದು.

ಈ ನಾಲ್ಕು ತಾಲ್ಲೂಕುಗಳಲ್ಲಿ ಪದ ಕಟ್ಟುವ ಹುಡುಗರಿಗೆ ಇಂದು ಕೊರತೆಯಿಲ್ಲ. ಮಗ್ಗದ ಮುಂದೆ ಕುಳಿತವರು, ಟ್ರ್ಯಾಕ್ಟರ್ ಓಡಿಸುವವರು, ಕಾಲೇಜು ಬಿಟ್ಟವರು ಮೊಬೈಲಿನಲ್ಲೇ ಹಾಡು ಬರೆದು ಸ್ಟುಡಿಯೋಗಳಿಗೆ ಅಲೆಯುತ್ತಿದ್ದಾರೆ. ಹಾಡು ಬರೆಯುವುದನ್ನೇ ಕಸುಬು ಮಾಡಿಕೊಂಡು ಬದುಕಲು ಸಾಧ್ಯವೆ ಎಂಬುದು ಅವರ ಪ್ರಶ್ನೆ. ಇದು ಬರಿಯ ಪ್ರತಿಭೆಯ ಪ್ರಶ್ನೆಯಲ್ಲ. ಹೆಸರು ಯಾರದು, ಹಣ ಯಾರದು ಎಂಬ ಹಳೆಯ ಲೆಕ್ಕಾಚಾರವೂ ಇದರಲ್ಲಿ ಸೇರಿದೆ.

ಬಳೆಗಾರರ ಮಗ ಕಂಡುಕೊಂಡ ದಾರಿ

ಈ ಸೀಮೆಯಲ್ಲಿ ಅಕ್ಷರವನ್ನು ನಂಬಿ ಮನೆ ಬಿಟ್ಟ ಮೊದಲ ಪ್ರಸಿದ್ಧ ವ್ಯಕ್ತಿ ರನ್ನ. 949ರಲ್ಲಿ ಹುಟ್ಟಿದ ಆತನ ಊರು ಜಂಬುಖಂಡಿ ಎಪ್ಪತ್ತರಲ್ಲಿನ ಮುದುವೊಳಲು, ಎಂದರೆ ಇಂದಿನ ಮುಧೋಳ. ಮನೆತನದ ಕಸುಬು ಬಳೆ ಮಾರುವುದು. ವಿದ್ಯೆ ಬೇಕೆಂದು ಆತ ದಕ್ಷಿಣದ ಗಂಗರ ನಾಡಿಗೆ ಹೋದ. ಅಲ್ಲಿ ಅಜಿತಸೇನರ ಶಿಷ್ಯನಾದ, ಚಾವುಂಡರಾಯನ ಆಸರೆ ಪಡೆದ. ಮುಂದೆ ಚಾಲುಕ್ಯ ತೈಲಪನಿಂದ 'ಕವಿ ಚಕ್ರವರ್ತಿ' ಎನಿಸಿಕೊಂಡ. ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ 'ಅಜಿತಪುರಾಣ'ವನ್ನು ಮುಗಿಸಿದ.

ರನ್ನನ ಕಾವ್ಯ ಜನಪದ ಹಾಡಲ್ಲ, ನಿಜ. ಆದರೆ ಆತನ ಬದುಕಿನಲ್ಲಿ ಒಂದು ಪಾಠವಿದೆ. ಕವಿಗೆ ಆಗ ಅನ್ನ ಕೊಡುತ್ತಿದ್ದುದು ಕೃತಿಯ ಮಾರಾಟವಲ್ಲ, ಆಶ್ರಯದಾತರ ಔದಾರ್ಯ. ರಾಜ ಮೆಚ್ಚಿದರೆ ಪಲ್ಲಕ್ಕಿ, ಮೆಚ್ಚದಿದ್ದರೆ ಬಳೆಯ ಮಲಾರ. ಅರಮನೆಯ ಹೊರಗೆ, ಹಳ್ಳಿಯ ಕಟ್ಟೆಯ ಮೇಲೆ ಪದ ಕಟ್ಟಿದವನಿಗೆ ಆ ಭಾಗ್ಯವೂ ಇರಲಿಲ್ಲ. ಆತ ತನ್ನ ಹೆಸರನ್ನು ಉಳಿಸಿಕೊಳ್ಳಲು ಬೇರೆ ಉಪಾಯ ಹುಡುಕಬೇಕಾಯಿತು.

ಕೊನೆಯ ನುಡಿಯಲ್ಲಿ ಕವಿಯ ಹೆಸರು

ಆ ಉಪಾಯವೇ ಅಂಕಿತ. ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರು 1857ರಲ್ಲಿ, ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಕಾಯ್ದೆಯನ್ನು ಎದುರಿಸಿ ನಿಂತರು. ಊರಿಗೆ ಬೆಂಕಿ ಬಿತ್ತು, ಹಲವರು ಗಲ್ಲಿಗೇರಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳನ್ನು ಜನಮನದಲ್ಲಿ ಉಳಿಸಿದ್ದು ಒಂದು ಲಾವಣಿ. ಅದನ್ನು ಕಟ್ಟಿದವನು ಕುರ್ತಕೋಟಿಯ ಕಲ್ಮೇಶನ ಅಂಕಿತದ ಕವಿ. ಕುರ್ತಕೋಟಿ ಇರುವುದು ದೂರದ ಗದುಗಿನ ಸೀಮೆಯಲ್ಲಿ. ಹಾಡು ಬಾಯಿಂದ ಬಾಯಿಗೆ ಹರಿಯಿತು, ಅದರೊಂದಿಗೆ ಅಂಕಿತವೂ ಹರಿಯಿತು. ಆ ಒಂದು ಹೆಸರನ್ನು ಕೊನೆಯಲ್ಲಿ ಪೋಣಿಸದೆ ಇದ್ದಿದ್ದರೆ ಕವಿಯ ಊರೂ ಉಳಿಯುತ್ತಿರಲಿಲ್ಲ.

ಬ್ರಿಟಿಷ್ ಅಧಿಕಾರಿ ಜಾನ್ ಫೇತ್‌ಫುಲ್ ಫ್ಲೀಟ್ 1880ರ ದಶಕದಲ್ಲಿ ಇಂಥ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಕಥೆ, ಸಂಗ್ಯಾನ ಕೊಲೆ, ಹಲಗಲಿಯ ದಂಗೆ ಇವುಗಳ ಜೊತೆಗೆ ಸರಕಾರ ಹೇರಿದ ಆದಾಯ ತೆರಿಗೆಯ ಮೇಲೂ ಒಂದು ಲಾವಣಿ ಅಲ್ಲಿದೆ. ಪತ್ರಿಕೆ ತಲುಪದ ಊರಿಗೆ ಲಾವಣಿಕಾರನೇ ವರದಿಗಾರನಾಗಿದ್ದ ಎಂಬುದು ಇದರಿಂದ ಸ್ಪಷ್ಟ.

ಮೇಳದ ಹಿಂದಿನ ಕವಿ

ಲಾವಣಿಯನ್ನೇ ಮೂಲವಾಗಿ ಇಟ್ಟುಕೊಂಡು ಬೆಳೆದದ್ದು ಗೀಗೀ ಮೇಳ. ಮುಂದೆ ನಿಂತು ಹಾಡುವವನ ಕೈಯಲ್ಲಿ ಡಪ್ಪು, ಹಿಂದಿನವರ ಕೈಯಲ್ಲಿ ತುಂತುಣಿ ಮತ್ತು ತಾಳ. 'ಗೀ ಗೀ' ಎಂದು ಹಿಮ್ಮೇಳ ಎತ್ತುವ ಸೊಲ್ಲಿನಿಂದಲೇ ಈ ಹಾಡಿಗೆ ಹೆಸರು ಬಂದಿದೆ. ಜಾತ್ರೆಯ ರಾತ್ರಿ ಎರಡು ಮೇಳಗಳು ಎದುರುಬದುರಾಗುತ್ತವೆ. ಹರದೇಶಿಯವರು ಗಂಡು ಹೆಚ್ಚೆಂದು ವಾದಿಸಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಸಾಧಿಸುತ್ತಾರೆ. ಒಬ್ಬರು ಪುರಾಣದಿಂದ ಸವಾಲು ಎಸೆದರೆ ಇನ್ನೊಬ್ಬರು ಅದೇ ಧಾಟಿಯಲ್ಲಿ ಉತ್ತರಿಸಬೇಕು. ಬೆಳಗಿನ ತನಕ ನಡೆಯುವ ಈ ಹಾಡಕಿಯಲ್ಲಿ ಸೋಲು ಗೆಲುವು ನಿರ್ಧಾರವಾಗುವುದು ಕಂಠದಿಂದ ಮಾತ್ರವಲ್ಲ, ಮೇಳದ ಹಿಂದಿರುವ ಕವಿಯ ಬಲದಿಂದ.

ಈ ಕವಿಗೆ ಬೇಕಾದ ತಯಾರಿ ಸಣ್ಣದಲ್ಲ. ಪಲ್ಲ, ನುಡಿ, ಚಾಲ, ಏರು, ಇಳುವು, ಕೂಡುಪಲ್ಲ ಎಂಬ ಅಂಗಗಳನ್ನು ತಿಳಿಯಬೇಕು. ಎಲ್ಲಿ ಕಥೆ ಓಡಬೇಕು, ಎಲ್ಲಿ ನಿಲ್ಲಬೇಕು, ಹಿಮ್ಮೇಳ ಎತ್ತಿಕೊಳ್ಳಲು ಎಲ್ಲಿ ಜಾಗ ಬಿಡಬೇಕು ಎಂಬುದನ್ನು ಅರಿತಿರಬೇಕು. ರಾಮಾಯಣ, ಮಹಾಭಾರತ, ಶರಣರ ಕಥೆಗಳು ನಾಲಿಗೆಯ ತುದಿಯಲ್ಲಿರಬೇಕು. ವಿಜಯಪುರ ಜಿಲ್ಲೆಯ ಹಲಸಂಗಿಯ ಖಾಜಾಭಾಯಿ ಇಂಥ ಲಾವಣಿಕಾರರಲ್ಲಿ ಹೆಸರಾದವರು. ಆ ಊರಿನ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1930ರ ದಶಕದಲ್ಲಿ 'ಜೀವನ ಸಂಗೀತ' ಎಂಬ ಲಾವಣಿ ಸಂಗ್ರಹವನ್ನು ಹೊರತಂದ ಮೇಲೆ ಓದುಬಲ್ಲವರೂ ಇತ್ತ ಕಿವಿಗೊಟ್ಟರು. ಪಕ್ಕದ ರಾಮದುರ್ಗ ತಾಲ್ಲೂಕಿನ ಹುಲಕುಂದದ ಭೀಮಕವಿ ಸ್ವಾತಂತ್ರ್ಯ ಚಳವಳಿಯನ್ನೇ ಹಾಡಿಗೆ ತಂದರು.

ಗೀಗೀ ಒಂದೇ ಅಲ್ಲ. ಬೀರಪ್ಪನ ಗುಡಿಯ ಮುಂದೆ ಡೊಳ್ಳಿನ ಪದ, ಮೊಹರಂನಲ್ಲಿ ರಿವಾಯತ ಪದ, ಮಠದಲ್ಲಿ ತತ್ವಪದ, ಕಣದಲ್ಲಿ ಹಂತಿಯ ಪದ, ಮದುವೆಯಲ್ಲಿ ಸೋಬಾನೆ. ಒಂದೊಂದಕ್ಕೂ ತನ್ನದೇ ಧಾಟಿ, ತನ್ನದೇ ಹಂಗಾಮು. ಹೊಸ ಪದದ ಬೇಡಿಕೆ ಇಲ್ಲಿ ಎಂದೂ ನಿಂತಿಲ್ಲ.

ಆದರೆ ಸಂಪಾದನೆ? ಊರಿನ ಹಿರಿಯರು ಇಸಾರ ಕೊಟ್ಟು ಮೇಳವನ್ನು ಕರೆಸುತ್ತಿದ್ದರು. ಹಾಡು ಮೆಚ್ಚಿದವರು ಆಹೇರಿ ಮಾಡುತ್ತಿದ್ದರು. ಆ ಹಣ ಮೇಳದವರಲ್ಲಿ ಹಂಚಿಹೋಗುತ್ತಿತ್ತು. ಕವಿ ತಾನೇ ಹಾಡುಗಾರನಾಗಿದ್ದರೆ ಪಾಲು, ಇಲ್ಲವಾದರೆ ಗೌರವ. ಆದ್ದರಿಂದ ಹೆಚ್ಚಿನವರು ಹೊಲವನ್ನೋ ಮಗ್ಗವನ್ನೋ ಬಿಡದೆ ಪದ ಕಟ್ಟಿದರು.

ಕಂಠಕ್ಕೆ ಸಿಕ್ಕ ಹೆಸರು

ಶ್ರೀಕೃಷ್ಣ ಪಾರಿಜಾತದ ಕಥೆಯೂ ಇದೇ ಬಗೆಯದು. ಈ ಭಾಗದ ಜನ ರಾತ್ರಿಯಿಡೀ ಕುಳಿತು ನೋಡುವ ಈ ಆಟದ ಕರ್ತೃತ್ವದೊಂದಿಗೆ ಇಬ್ಬರು ತಮ್ಮಣ್ಣರ ಹೆಸರು ಸೇರಿಕೊಂಡಿದೆ. ಒಬ್ಬರು ಅಪರಾಳ ತಮ್ಮಣ್ಣ, ಇನ್ನೊಬ್ಬರು ಅದನ್ನು ಬೆಳೆಸಿ ರಂಗಕ್ಕೆ ಒಗ್ಗಿಸಿದ ಕುಲಗೋಡ ತಮ್ಮಣ್ಣ. ಯಾವ ಪದ ಯಾರದು ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ಪ್ರೇಕ್ಷಕನಿಗೆ ಅದು ಬೇಕಿರಲಿಲ್ಲ. ಆತನಿಗೆ ನೆನಪಿದ್ದುದು ಕೌಜಲಗಿ ನಿಂಗಮ್ಮನಂಥ ಕಲಾವಿದೆಯ ಹಾಡು ಮತ್ತು ಅಭಿನಯ.

ಗ್ರಾಮಫೋನ್ ಮತ್ತು ಸಿನಿಮಾ ಬಂದ ಮೇಲೆ ಈ ಅಂತರ ಇನ್ನೂ ಹೆಚ್ಚಿತು. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಮುಂಬಯಿಗೆ ಹೋಗಿ ಹಿಂದಿ ಚಿತ್ರರಂಗದ ದೊಡ್ಡ ಗಾಯಕಿಯಾದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವರ ದನಿ ದೇಶಕ್ಕೆಲ್ಲ ಮುಟ್ಟಿತು. ಬೀಳಗಿಯಂಥ ಊರಿನಿಂದ ಒಂದು ಕಂಠ ಅಷ್ಟು ದೂರ ಹೋಗಬಹುದೆಂಬುದು ಹೆಮ್ಮೆಯ ಮಾತು. ಆದರೆ ಹಾಡು ಬರೆದವರ ಹೆಸರು ಹಾಗೆ ಮನೆಮಾತಾಗುವುದು ಅಪರೂಪ. ಆ ಚಿತ್ರದ ಹಾಡುಗಳನ್ನು ಬರೆದ ಕವಿ ಪ್ರದೀಪ್ ಅವರು ಅಂಥ ಅಪರೂಪದವರಲ್ಲಿ ಒಬ್ಬರು.

ಕನ್ನಡದಲ್ಲಿಯೂ ಇಂಥ ಜೋಡಿ ಇದೆ. ಆನಂದಕಂದ ಎಂಬ ಹೆಸರಿನಲ್ಲಿ ಬರೆದ ಬೆಟಗೇರಿ ಕೃಷ್ಣಶರ್ಮರು ಉತ್ತರ ಕರ್ನಾಟಕದ ಆಡುನುಡಿಯಲ್ಲಿ ಹಾಡು ಕಟ್ಟಿದರು. 'ಸಾವಿರ ಹಾಡಿನ ಸರದಾರ' ಎನಿಸಿದ ಬಾಳಪ್ಪ ಹುಕ್ಕೇರಿಯವರು ಅವನ್ನು ಊರೂರಿಗೆ ಒಯ್ದರು. ಕೇಳಿದವರು ಎಷ್ಟೋ ಸಲ ಅವು ಜನಪದ ಹಾಡುಗಳೇ ಎಂದು ಭಾವಿಸಿದ್ದುಂಟು. ಕವಿಗೆ ಇದಕ್ಕಿಂತ ದೊಡ್ಡ ಮನ್ನಣೆ ಇಲ್ಲ, ಇದಕ್ಕಿಂತ ದೊಡ್ಡ ನಷ್ಟವೂ ಇಲ್ಲ. ಕೃಷ್ಣಶರ್ಮರ ಜೀವನ ಸಾಗಿದ್ದು ಅಧ್ಯಾಪನದಿಂದ, 'ಜಯಂತಿ' ಪತ್ರಿಕೆಯ ದುಡಿಮೆಯಿಂದ. ಹಾಡಿನಿಂದಲ್ಲ.

ಮಜೂರಿಯೋ, ಸ್ವಂತ ಮಗ್ಗವೋ?

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದಾಗ ಹಳ್ಳಿಯ ಹಾಡಿಗೆ ಹೊಸ ವೇದಿಕೆ ದೊರೆಯಿತು. 1980ರ ನಂತರ ಕ್ಯಾಸೆಟ್ ಬಂತು. ಗುರುರಾಜ ಹೊಸಕೋಟಿಯಂಥ ಹಾಡುಗಾರರ ದನಿ ಚಹದ ಅಂಗಡಿ, ಬಸ್ಸು, ಮಗ್ಗದ ಮನೆಗಳಲ್ಲಿ ಮೊಳಗಿತು. ಬಳಿಕ ಸೀಡಿ, ಅದರ ಬೆನ್ನಿಗೇ ಮೊಬೈಲ್ ಮತ್ತು ಯೂಟ್ಯೂಬ್. ಈಗ ಹಾಡು ಹೊರಬರಲು ಬೆಂಗಳೂರಿನ ಕಂಪನಿ ಬೇಕಿಲ್ಲ. ಹಾಡು ಬರೆದು ತಾವೇ ಹಾಡುವ ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ 2025ರಲ್ಲಿ 'ಬಿಗ್ ಬಾಸ್' ಮನೆಯ ತನಕ ಹೋದರು. ಇದನ್ನು ಕಂಡ ಹುಡುಗರಿಗೆ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಆದರೆ ಬರೆದು ಹಾಡುವವರ ಮಾತು ಬೇರೆ, ಬರೆದುಕೊಡುವವರ ಮಾತು ಬೇರೆ. ರಬಕವಿ-ಬನಹಟ್ಟಿಯ ನೇಕಾರರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಾಲಕನ ನೂಲು ತಂದು ನೇಯುವವನಿಗೆ ಸೀರೆಗೆ ಇಷ್ಟು ಎಂದು ಮಜೂರಿ. ಆ ಸೀರೆ ಅಂಗಡಿಯಲ್ಲಿ ಎಷ್ಟಕ್ಕೆ ಮಾರಿದರೂ ಆತನಿಗೆ ಅದರಲ್ಲಿ ಪಾಲಿಲ್ಲ. ಒಂದು ಹಾಡಿಗೆ ಇಷ್ಟು ಎಂದು ಒಮ್ಮೆಗೇ ಹಣ ಪಡೆದು ಕಾಗದ ಬಿಟ್ಟುಕೊಡುವ ಕವಿಯೂ ಮಜೂರಿಯ ನೇಕಾರನೇ. ಸೀರೆಯಾದರೂ ಒಮ್ಮೆ ಮಾರಾಟವಾಗಿ ಮುಗಿಯುತ್ತದೆ. ಹಾಡು ಹಾಗಲ್ಲ. ಅದನ್ನು ಲಕ್ಷ ಸಲ ಕೇಳಿದರೂ ಸವೆಯದು. ಪ್ರತಿ ಸಲ ಕೇಳಿದಾಗಲೂ ಎಲ್ಲೋ ಯಾರಿಗೋ ಒಂದಿಷ್ಟು ಹಣ ಸಲ್ಲುತ್ತಿರುತ್ತದೆ. ಆ ಯಾರೋ ಎಂಬವರಲ್ಲಿ ಕವಿ ಇದ್ದಾನೆಯೆ ಎಂಬುದೇ ಪ್ರಶ್ನೆ.

ಅಮೆರಿಕದಲ್ಲಿ ಹಳ್ಳಿಗಾಡಿನ ಹಾಡು ದೊಡ್ಡ ಉದ್ದಿಮೆಯಾಗಿ ಬೆಳೆದದ್ದು ಟೆನ್ನೆಸ್ಸಿ ರಾಜ್ಯದ ನ್ಯಾಶ್‌ವಿಲ್ ಪಟ್ಟಣದಲ್ಲಿ. 1925ರಲ್ಲಿ ಅಲ್ಲಿನ ರೇಡಿಯೊ ಕೇಂದ್ರ ಆರಂಭಿಸಿದ 'ಗ್ರ್ಯಾಂಡ್ ಓಲ್ ಆಪ್ರಿ' ಕಾರ್ಯಕ್ರಮ ಅದಕ್ಕೆ ನಾಂದಿ. ಆ ಊರಿನಲ್ಲಿ ಹಾಡುವುದು ಒಂದು ಕಸುಬು, ಬರೆಯುವುದು ಇನ್ನೊಂದು ಕಸುಬು. ಬಡ ರೈತನ ಹನ್ನೆರಡು ಮಕ್ಕಳಲ್ಲಿ ಒಬ್ಬಳಾದ ಡಾಲಿ ಪಾರ್ಟನ್ 1964ರಲ್ಲಿ ಶಾಲೆ ಮುಗಿಸಿದ ಮರುದಿನವೇ ಅಲ್ಲಿಗೆ ಹೊರಟಳು. ಮೊದಲು ಅನ್ನ ಕೊಟ್ಟದ್ದು ಆಕೆಯ ಹಾಡು ಬರೆಯುವ ಕೈ. 1974ರಲ್ಲಿ ಬಿಡುಗಡೆಯಾದ ಆಕೆಯ ಒಂದು ವಿದಾಯದ ಹಾಡನ್ನು ಜಗತ್ಪ್ರಸಿದ್ಧ ಎಲ್ವಿಸ್ ಪ್ರೆಸ್ಲಿ ಹಾಡಲು ಬಯಸಿದ. ಆದರೆ ಹಾಡಿನ ಹಕ್ಕಿನಲ್ಲಿ ಅರ್ಧ ಪಾಲು ಬೇಕೆಂದು ಆತನ ವ್ಯವಸ್ಥಾಪಕ ಪಟ್ಟು ಹಿಡಿದ. ಡಾಲಿ ಒಪ್ಪಲಿಲ್ಲ. 1992ರಲ್ಲಿ ವಿಟ್ನಿ ಹ್ಯೂಸ್ಟನ್ ಅದೇ ಹಾಡನ್ನು 'ದಿ ಬಾಡಿಗಾರ್ಡ್' ಚಿತ್ರಕ್ಕೆ ಹಾಡಿದಾಗ ಅದು ಜಗತ್ತನ್ನೇ ಸುತ್ತಿತು. ಬರೆದವಳ ಪಾಲು ಬರೆದವಳ ಬಳಿಯೇ ಇತ್ತು.

ಕಾಯ್ದೆ ಏನು ಹೇಳುತ್ತದೆ?

ಅಮೆರಿಕದ ಮಾತು ಇಲ್ಲಿಗೇಕೆ ಎನ್ನುವಂತಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯೂ ಕವಿಯ ಪರವಾಗಿದೆ. ಹಾಡು ಬರೆದ ಕ್ಷಣದಲ್ಲೇ ಅದರ ಹಕ್ಕು ಬರೆದವನದಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೆ ತಕರಾರು ಬಂದಾಗ ಸಾಕ್ಷಿಯಾಗಿ ನೆರವಾಗುತ್ತದೆ. ಕವಿ ಬದುಕಿರುವವರೆಗೆ ಮತ್ತು ಆತನ ನಂತರ 60 ವರ್ಷ ಈ ಹಕ್ಕು ಉಳಿಯುತ್ತದೆ. ಎಂದರೆ ಮೊಮ್ಮಕ್ಕಳಿಗೂ ಅದು ಆಸ್ತಿ.

ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಅದು ಲಿಖಿತವಾಗಿರಬೇಕು, ಸಹಿ ಇರಬೇಕು. ಬಾಯಿಮಾತು ಸಾಲದು. ಕರಾರಿನಲ್ಲಿ ಅವಧಿ ಬರೆಯದಿದ್ದರೆ 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಎಣಿಸುತ್ತದೆ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಿನಿಮಾದಲ್ಲಿ ಅಥವಾ ಧ್ವನಿಮುದ್ರಣದಲ್ಲಿ ಸೇರಿದ ಹಾಡಿನ ಬಳಕೆಯಿಂದ ಬರುವ ಗೌರವಧನದಲ್ಲಿ ಗೀತರಚನಕಾರನಿಗೂ ಸಂಗೀತಗಾರನಿಗೂ ಸಮಪಾಲು ಪಡೆಯುವ ಹಕ್ಕನ್ನು ಅದು ಕೊಟ್ಟಿತು. ವಾರಸುದಾರರಿಗೆ ಮತ್ತು ಹಕ್ಕು ಸಂಗ್ರಹಿಸುವ ಸಂಘಕ್ಕೆ ಹೊರತು ಈ ಪಾಲನ್ನು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. ಬಿಟ್ಟುಕೊಟ್ಟೆನೆಂದು ಬರೆದರೂ ಆ ಬರಹ ನಿಲ್ಲದು.

ಈ ಹಣವನ್ನು ಸಂಗ್ರಹಿಸಿ ಹಂಚಲು 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಇದೆ. ಗೀತರಚನಕಾರರು, ಸಂಗೀತ ಸಂಯೋಜಕರು ಅದರ ಸದಸ್ಯರಾಗಬಹುದು. ಕನ್ನಡದಲ್ಲಿ ಬರೆಯುವವರಿಗೂ ಬಾಗಿಲು ತೆರೆದಿದೆ. ಆದರೆ ಸದಸ್ಯನಾಗದವನ, ಹಾಡಿನ ವಿವರದಲ್ಲಿ ಹೆಸರು ಬರೆಸದವನ ಪಾಲನ್ನು ಹುಡುಕಿಕೊಂಡು ಬಂದು ಕೊಡುವವರು ಯಾರೂ ಇಲ್ಲ.

ಹಳೆಯ ಧಾಟಿಯ ಪ್ರಶ್ನೆಯೂ ಇಲ್ಲಿ ಬರುತ್ತದೆ. ತಲೆತಲಾಂತರದಿಂದ ಬಂದ ಹಂತಿಯ ಧಾಟಿ ಯಾರೊಬ್ಬರ ಸ್ವತ್ತೂ ಅಲ್ಲ. ಅದರ ಮೇಲೆ ಹೊಸದಾಗಿ ಕಟ್ಟಿದ ಮಾತು ಮಾತ್ರ ಕಟ್ಟಿದವನದು. ಅಜ್ಜಿಯ ಬಾಯಿಂದ ಕೇಳಿದ ಪದವನ್ನು ತನ್ನದೆಂದು ಹೆಸರು ಹಾಕಿಕೊಳ್ಳುವುದು, ಬೇರೆ ಮೇಳದ ಹಾಡಿನ ಎರಡು ಸಾಲು ತಿದ್ದಿ ಹೊಸದೆನ್ನುವುದು ನ್ಯಾಯವಲ್ಲ. ತನ್ನ ಪಾಲು ಕೇಳುವವನು ಇನ್ನೊಬ್ಬನ ಪಾಲನ್ನೂ ಒಪ್ಪಬೇಕಾಗುತ್ತದೆ.

ಕಸುಬು ಕಟ್ಟುವ ಬಗೆ

ಹಾಗಾದರೆ ಈ ಹಾದಿಗೆ ಬರುವ ಯುವಕ ಯುವತಿಯರು ಮಾಡಬೇಕಾದುದೇನು?

ಮೊದಲನೆಯದು ಕಲಿಕೆ. ಹಿರಿಯ ಮೇಳದವರ ಹಿಂದೆ ಒಂದೆರಡು ಜಾತ್ರೆಯಾದರೂ ತಿರುಗದೆ ಧಾಟಿಗಳು ಕೈಗೆ ಹತ್ತವು. ಒಂದೇ ಧಾಟಿ ಬಲ್ಲವನಿಗೆ ಒಂದು ಹಂಗಾಮಿನ ಕೆಲಸ. ಡೊಳ್ಳು, ಗೀಗೀ, ಭಜನೆ, ಸೋಬಾನೆ ಬಲ್ಲವನಿಗೆ ವರ್ಷವಿಡೀ ಕೆಲಸ.

ಎರಡನೆಯದು, ಬೇರೆಯವರ ಕಂಠಕ್ಕೆ ಬರೆಯುವ ಅಭ್ಯಾಸ. ಹಾಡುವವರ ಉಸಿರು ಎಷ್ಟು, ಯಾವ ಅಕ್ಷರದ ಮೇಲೆ ಅವರ ದನಿ ಏರುತ್ತದೆ ಎಂದು ತಿಳಿದು ಬರೆದರೆ ಅವರೇ ಮತ್ತೆ ಹುಡುಕಿಕೊಂಡು ಬರುತ್ತಾರೆ.

ಮೂರನೆಯದು, ಗಿರಾಕಿಗಳ ವಿಸ್ತಾರ. ಪ್ರೇಮಗೀತೆಯೊಂದನ್ನೇ ನಂಬಬಾರದು. ಊರ ದೇವರ ಹಾಡು, ಮದುವೆಯ ಹಾಡು, ನಾಟಕದ ಹಾಡು, ಚುನಾವಣೆಯ ಹಾಡು, ಸರಕಾರಿ ಪ್ರಚಾರದ ಬೀದಿನಾಟಕ ಇವೆಲ್ಲಕ್ಕೂ ಕವಿ ಬೇಕು. 1990ರ ದಶಕದ ಸಾಕ್ಷರತಾ ಜಾಥಾಗಳಲ್ಲಿ ಜನಪದ ಧಾಟಿಯ ಹಾಡುಗಳು ಮಾಡಿದ ಕೆಲಸವನ್ನು ಹಿರಿಯರು ಬಲ್ಲರು. ಬಾಗಲಕೋಟೆಯಲ್ಲೇ ಇರುವ ಕರ್ನಾಟಕ ಬಯಲಾಟ ಅಕಾಡೆಮಿ, ಬೆಂಗಳೂರಿನ ಜಾನಪದ ಅಕಾಡೆಮಿ, ಆಕಾಶವಾಣಿ ಇವುಗಳ ಸಂಪರ್ಕವನ್ನೂ ಬಿಡಬಾರದು.

ನಾಲ್ಕನೆಯದು, ದಾಖಲೆ. ಪ್ರತಿ ಹಾಡನ್ನೂ ತಾರೀಖಿನೊಂದಿಗೆ ವಹಿಯಲ್ಲಿ ಬರೆದಿಡುವುದು, ಯಾರಿಗೆ ಯಾವ ಷರತ್ತಿನ ಮೇಲೆ ಕೊಟ್ಟದ್ದು ಎಂದು ಒಂದು ಹಾಳೆಯಲ್ಲಾದರೂ ಸಹಿ ಪಡೆಯುವುದು, ಬಿಡುಗಡೆಯಾಗುವಾಗ ಸಾಹಿತ್ಯ ಯಾರದೆಂಬುದನ್ನು ಹಾಡಿನ ಕೆಳಗೆ ಬರೆಸುವುದು. ಗೆಳೆತನದಲ್ಲಿ ಕಾಗದವೇಕೆ ಎನ್ನುವವರುಂಟು. ಹೊಲದ ಬದುವಿಗೆ ಕಲ್ಲು ನೆಟ್ಟರೆ ಅಣ್ಣತಮ್ಮಂದಿರ ಪ್ರೀತಿ ಕೆಡುವುದಿಲ್ಲ, ಉಳಿಯುತ್ತದೆ.

ಐದನೆಯದು, ತಾಳ್ಮೆ. ಒಂದು ಹಾಡು ಹೆಸರಾದ ಕೂಡಲೆ ಮಗ್ಗ ಮಾರಬೇಕಿಲ್ಲ, ಹೊಲ ಲಾವಣಿಗೆ ಹಾಕಬೇಕಿಲ್ಲ. ಹಾಡಿನ ಆದಾಯ ಮಳೆಯಂತೆ, ಬಂದರೆ ಒಮ್ಮೆಗೇ, ಇಲ್ಲವಾದರೆ ಇಲ್ಲ. ಒಂದೆರಡು ವರ್ಷ ಅದು ನಿಯತವಾಗಿ ಬಂದ ಮೇಲೆ ಹಳೆಯ ಕಸುಬು ಬಿಡುವ ಯೋಚನೆ ಮಾಡಬಹುದು.

ಮಾರುಕಟ್ಟೆಯ ಒತ್ತಡದ ಬಗ್ಗೆಯೂ ಒಂದು ಮಾತು ಹೇಳಬೇಕು. ದ್ವಂದ್ವಾರ್ಥದ ಹಾಡು ಬೇಗ ಓಡುತ್ತದೆ, ಬೇಗ ಬರೆದುಕೊಡಿ ಎಂದು ಕೇಳುವವರೂ ಹೆಚ್ಚು. ಜನಪದದಲ್ಲಿ ಶೃಂಗಾರ ಹೊಸದಲ್ಲ, ಹೋಳಿಯ ಪದಗಳಲ್ಲಿ ಅದಕ್ಕೆ ಸಲಿಗೆಯೂ ಇತ್ತು. ಆದರೆ ಹೋಳಿಯ ಪದ ಹೋಳಿಗೆ ಮುಗಿಯುತ್ತಿತ್ತು. ಈಗ ಅದು ವರ್ಷವಿಡೀ ಮನೆಯೊಳಗೆ ಮೊಳಗುತ್ತದೆ. ಹೆಣ್ಣುಮಕ್ಕಳು ಎದ್ದುಹೋಗುವಂಥ ಹಾಡು ಜಾತ್ರೆಯ ವೇದಿಕೆಯಲ್ಲಿ ಎಷ್ಟು ದಿನ ಬಾಳೀತು? ಇದು ನೀತಿಯ ಮಾತು ಮಾತ್ರವಲ್ಲ, ವ್ಯಾಪಾರದ ಮಾತೂ ಹೌದು. 60 ವರ್ಷ ಹಕ್ಕು ಉಳಿಯುವ ಹಾಡಿಗೆ 60 ವರ್ಷ ಕೇಳುಗರೂ ಇರಬೇಕಲ್ಲ.

ಕುರ್ತಕೋಟಿಯ ಕವಿಗೆ ಯಾವ ಕಾಯ್ದೆಯ ಆಸರೆಯೂ ಇರಲಿಲ್ಲ. ಕೊನೆಯ ನುಡಿಯಲ್ಲಿ ಅಂಕಿತವಿಟ್ಟು ಆತ ಹೆಸರನ್ನು ಕಾಯ್ದುಕೊಂಡ. ಇಂದಿನ ಕವಿಗೆ ಹೆಸರಿನ ಜೊತೆಗೆ ಪಾಲನ್ನೂ ಕಾಯ್ದುಕೊಳ್ಳುವ ಅವಕಾಶವಿದೆ. ಅಂಕಿತ ಹಾಡಿನ ಕೊನೆಯಲ್ಲೂ ಇರಲಿ, ಕರಾರಿನ ಕೊನೆಯಲ್ಲೂ ಇರಲಿ. ಕೇಳುವವರದೂ ಒಂದು ಕೆಲಸವಿದೆ. ಇನ್ನು ಮುಂದೆ ಹಾಡು ಮೆಚ್ಚಿದಾಗ, ಹಾಡಿದವರ ಹೆಸರಿನೊಂದಿಗೆ ಬರೆದವರ ಹೆಸರನ್ನೂ ಕೇಳಿ.